ಹಿಡಿಯೋ ಪಾಪಕ್ಕ

ಮಧುಗಿರಿ ಸುತ್ತಮುತ್ತ ಯಾವ ಹೆಂಗಸಿಗೆ ಸೊಂಟ ಹಿಡಿದುಕೊಂಡರೂ ಮೊದಲು ಬೈಸಿಕೊಳ್ಳುವವಳು ಪಾಪಕ್ಕ. ಸಂತೆಯಲ್ಲಿ ಸೊಪ್ಪು ಆರಿಸುತ್ತಾ ಕೂತಿರುತ್ತಾಳೆ, ಹಿಂದಿನಿಂದ ಯಾರೋ ಬಂದು, "ಅವತ್ತು ನನ್ನ ಹಿಡ್ಕಂಡೋಳು ನೀನೇ ಅಲ್ವಾ? ಆ ಬೆನ್ನಿನ ಸೂಜಿ ಹಾಕ್ಸಿದ್ಮೇಲೆ ಒಂದು ಬಿಂದಿಗೆ ನೀರು ಎತ್ತಕ್ಕಾಗ್ತಿಲ್ಲ ನೋಡು" ಎಂದು ಜಗಳಕ್ಕೆ ನಿಲ್ಲುತ್ತಾರೆ. ಪಾಪಕ್ಕನದೂ ಸುಮ್ಮನಿರುವ ಬಾಯಲ್ಲ. "ಸೂಜಿ ಹಾಕ್ದೋರು ಡಾಕ್ಟ್ರು. ಹಸಿ ಬಾಣಂತಿ ತಲೆ ಮೇಲೆ ಕಡ್ಲೆಕಾಯಿ ಮೂಟೆ ಹೊರ್ಸಿದೋಳು ನಿಮ್ಮತ್ತೆ. ನನ್ನ ಹಿಡ್ಕಂಡ್ರೆ ಏನು ಬತ್ತದೆ, ಹೋಗಿ ಅವಳನ್ನ ಹಿಡ್ಕೋ" ಎಂದು ಸೊಪ್ಪಿನ ಕಟ್ಟನ್ನು ಚೀಲಕ್ಕೆ ತುರುಕಿಕೊಂಡು ಎದ್ದುಬಿಡುತ್ತಾಳೆ. ಬೈದವಳೂ ನಕ್ಕು ಹೋಗುತ್ತಾಳೆ.

ಬೆಟ್ಟದ ಬುಡದ ಒಂದು ನರ್ಸಿಂಗ್ ಹೋಮಿನಲ್ಲಿ ಪಾಪಕ್ಕ ಆಪರೇಷನ್ ಕೋಣೆಯ ಆಯಾ. ಸೇರಿದ್ದು ನೆಲ ಒರೆಸುವುದಕ್ಕೆ. ಹಿಡಿಯುವ ಕೆಲಸ ತಾನಾಗಿ ಬಂದು ಅಂಟಿಕೊಂಡಿತು. ಸಿಸೇರಿಯನ್ ಆಗಬೇಕಾದ ಹೆಂಗಸನ್ನು ಮೇಜಿನ ಅಂಚಿಗೆ ಕೂರಿಸಿ, ಬೆನ್ನು ಬಗ್ಗಿಸಿ, ಎರಡು ಮೂಳೆಗಳ ಸಂದಿಗೆ ಸೂಜಿ ಹಾಕುತ್ತಾರೆ. ಹಾಕಿದರೆ ಸೊಂಟದಿಂದ ಕೆಳಗೆ ಜೋಮು ಹಿಡಿಯುತ್ತದೆ, ಮೇಲಿನ ಜೀವ ಎಚ್ಚರವಾಗಿಯೇ ಇರುತ್ತದೆ, ಮಗು ಅತ್ತದ್ದು ಕಿವಿಗೆ ಬೀಳುತ್ತದೆ. ಆದರೆ ಹಾಕುವ ಹೊತ್ತಿನಲ್ಲಿ ಅಲ್ಲಾಡಬಾರದು. ನೋವು ತಿನ್ನುತ್ತಿರುವ ಬಸುರಿಗೆ ಅಲ್ಲಾಡಬೇಡ ಎನ್ನುವುದು ಸುಲಭ. ಎದುರಿಗೆ ನಿಂತು ಅವಳನ್ನು ಅಲ್ಲಾಡದ ಹಾಗೆ ತಬ್ಬಿ ಹಿಡಿಯುವವರು ಯಾರಾದರೂ ಬೇಕು. ಆ ಯಾರಾದರೂ ಪಾಪಕ್ಕ.

ಆಕೆ ಹಿಡಿಯುವ ರೀತಿಯೇ ಬೇರೆ. ಹೆಂಗಸಿನ ತಲೆಯನ್ನು ತನ್ನ ಎಡ ಹೆಗಲಿಗೆ ಒರಗಿಸಿಕೊಂಡು, ಕಿವಿಯ ಹತ್ತಿರ ಬಾಯಿಟ್ಟು, "ನಿಮ್ಮೂರಿಗೆ ಹೆಂಗೆ ಬರಬೇಕು ಯೋಳು. ಬಸ್‌ಸ್ಟ್ಯಾಂಡಿಂದ ಹಿಡ್ದು ನಿಮ್ಮನೆ ಬಾಗ್ಲಗಂಟ ದಾರಿ ಯೋಳು. ನಾನು ಬತ್ತೀನಿ, ತಪ್ಪಿಸ್ಬ್ಯಾಡ" ಎನ್ನುತ್ತಾಳೆ. ಎಂಥ ನೋವಿನಲ್ಲೂ ಮನುಷ್ಯ ತನ್ನ ಊರಿನ ದಾರಿ ತಪ್ಪು ಹೇಳುವುದಿಲ್ಲ. ಕೆರೆ ಏರಿ, ಅರಳಿಕಟ್ಟೆ, ಹಾಲಿನ ಡೈರಿ ಎಂದು ಒಂದೊಂದೇ ಹೇಳುತ್ತಾ ಹೋಗುತ್ತಾರೆ. ಮನೆ ಬಾಗಿಲು ಮುಟ್ಟುವ ಮೊದಲೇ ಸೂಜಿ ಹೋಗಿ ಆಗಿರುತ್ತದೆ. ಹೀಗೆ ಕೇಳಿ ಕೇಳಿ ಪಾಪಕ್ಕನಿಗೆ ನಾಲ್ಕು ತಾಲ್ಲೂಕಿನ ದಾರಿ ಬಾಯಿಪಾಠ. ಸಿರಾದ ಹುಲಿಕುಂಟೆಗೆ ಆಕೆ ಹುಟ್ಟಿದ ಮೇಲೆ ಕಾಲಿಟ್ಟಿಲ್ಲ. ಆದರೂ ಅಲ್ಲಿ ದನದ ಆಸ್ಪತ್ರೆ ದಾಟಿದ ಮೇಲೆ ಎಡಕ್ಕೆ ತಿರುಗಿದರೆ ಯಾರ ಮನೆ ಸಿಗುತ್ತದೆಂದು ಹೇಳುತ್ತಾಳೆ.

ಸೂಜಿ ಹಾಕುವವರು ಡಾಕ್ಟರ್ ಮೋಹನ್ ಕುಮಾರ್. ಊರಿನವರ ಬಾಯಲ್ಲಿ ಮತ್ತಿನ ಡಾಕ್ಟರು. ಬೆಳಿಗ್ಗೆ ಸಿರಾ, ಮಧ್ಯಾಹ್ನ ಕೊರಟಗೆರೆ, ಸಂಜೆ ಪಾವಗಡ ಎಂದು ಕಾರಿನಲ್ಲೇ ಸಂಸಾರ ಮಾಡುತ್ತಿದ್ದ ಮನುಷ್ಯ. ಮಧುಗಿರಿಗೆ ಕರೆ ಬಂದರೆ ಮಾತ್ರ, "ಪಾಪಕ್ಕ ಇದಾಳಾ?" ಎಂದು ಮೊದಲು ವಿಚಾರಿಸುತ್ತಿದ್ದರು. ಇದನ್ನು ಕೇಳಿ ಪಾಪಕ್ಕನ ಗಂಡ ದೊಡ್ಡಹನುಮಯ್ಯ, "ಮನೇಲಿ ನಾನು ಕರುದ್ರೆ ಇರಲ್ಲ, ಅಲ್ಲಿ ಮಾತ್ರ ಇರ್ತಾಳೆ" ಎಂದು ಗೊಣಗುತ್ತಿದ್ದ. ಗೊಣಗಾಟ ಬಾಯಲ್ಲಷ್ಟೇ. ಬಸ್‌ಸ್ಟ್ಯಾಂಡಿನ ಪಕ್ಕ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವನು, ಹೆಂಡತಿ ಬರುವುದು ತಡವಾದರೆ ತಾನೇ ಮುದ್ದೆ ತೊಳಸಿ ಮುಚ್ಚಿಟ್ಟು ಕಾಯುತ್ತಿದ್ದ.

ಅವರಿಗೆ ಮಕ್ಕಳಾಗಲಿಲ್ಲ. ಆಗಲಿಲ್ಲವೆಂದು ಅವರು ಅತ್ತದ್ದನ್ನು ಯಾರೂ ಕಾಣರು, ಏಕೆಂದರೆ ಶಿವಲಕ್ಷ್ಮಿ ಇದ್ದಳು. ಪಾಪಕ್ಕನ ಕೊನೆಯ ತಂಗಿ. ಕೊರಟಗೆರೆ ಕಡೆಯ ತವರಿನಲ್ಲಿ ತಾಯಿ ತೀರಿಕೊಂಡಾಗ ಅದು ಇನ್ನೂ ತೊಟ್ಟಿಲು ಬಿಟ್ಟಿರದ ಕೂಸು. ಆಗಷ್ಟೇ ಮದುವೆಯಾಗಿದ್ದ ಪಾಪಕ್ಕ ಕೂಸನ್ನು ಸೊಂಟಕ್ಕೇರಿಸಿಕೊಂಡೇ ಗಂಡನ ಮನೆಗೆ ಬಂದಳು. "ಎಲ್ರಿಗೂ ಬಳುವಳಿ ಅಂತ ಹಸ ಕೊಡ್ತಾರೆ, ನಂಗೆ ನಾದ್ನಿ ಕೊಟ್ಟವ್ರೆ" ಎಂದು ದೊಡ್ಡಹನುಮಯ್ಯ ನಗಾಡಿದ್ದ. ಆಮೇಲೆ ಅವಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನೂ ಅವನೇ, ಮದುವೆಯಲ್ಲಿ ಧಾರೆ ಎರೆದವನೂ ಅವನೇ. ಶಿವಲಕ್ಷ್ಮಿಗೆ ಅವನು ಭಾವನಲ್ಲ, ಅಪ್ಪ.

ಅವಳನ್ನು ಕೊಟ್ಟದ್ದು ಪಾವಗಡದ ವಳ್ಳೂರಿಗೆ. ಗಂಡ ನವೀನ್‌ಕುಮಾರನಿಗೆ ಅಲ್ಲಿನ ಸೋಲಾರ್ ಪಾರ್ಕಿನಲ್ಲಿ ಗಾಜಿನ ಹಲಗೆಗಳನ್ನು ತೊಳೆಸುವ ಕೆಲಸ. ಅತ್ತೆ ಕೆಂಚಮ್ಮನ ಮನೆಮಾತು ಮುಕ್ಕಾಲು ತೆಲುಗು. ಶಿವಲಕ್ಷ್ಮಿ ವರ್ಷ ತುಂಬುವುದರಲ್ಲಿ ಗಿಣಿಯ ಹಾಗೆ ತೆಲುಗು ಕಲಿತುಬಿಟ್ಟಳು. ಪಾಪಕ್ಕನಿಗೆ ಮಾತ್ರ ರಾ, ಪೋ ಬಿಟ್ಟರೆ ಮುಂದಕ್ಕೆ ಹೋಗಲಿಲ್ಲ. ಬೀಗಿತ್ತಿ ಏನೋ ಅಂದರೆ ತಂಗಿಯ ಮುಖ ನೋಡುವುದು, ತಂಗಿ ಕನ್ನಡ ಮಾಡಿ ಹೇಳುವುದು. ಅವಳು ಮಾಡಿ ಹೇಳಿದ್ದೇ ಪಾಪಕ್ಕನಿಗೆ ನಿಜ.

ಕೊರೋನಾದ ಎರಡನೇ ಅಲೆ ಎದ್ದಾಗ ಶಿವಲಕ್ಷ್ಮಿಗೆ ದಿನ ತುಂಬುತ್ತಿತ್ತು. ಆ ಬೇಸಗೆ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ರೋಗ ಬಂದ ಬಸುರಿಯರನ್ನು ಯಾವ ನರ್ಸಿಂಗ್ ಹೋಮೂ ಮುಟ್ಟುತ್ತಿರಲಿಲ್ಲ, ತುಮಕೂರಿಗೆ ಸಾಗಹಾಕುತ್ತಿದ್ದರು. ಅಲ್ಲಿ ಹಾಸಿಗೆ ಸಿಕ್ಕರೆ ಪುಣ್ಯ. ನಡುದಾರಿಯಲ್ಲಿ ಹೆತ್ತವರ ಕತೆಗಳು ದಿನಕ್ಕೊಂದು ಬರುತ್ತಿದ್ದವು. ಪಾಪಕ್ಕನ ನರ್ಸಿಂಗ್ ಹೋಮಿನಲ್ಲೂ ಕಿಟ್ಟುಗಳು ಕಡಿಮೆ. ತಲೆಯಿಂದ ಕಾಲಿನವರೆಗೆ ಮುಚ್ಚುವ ಬಿಳಿ ಪ್ಲಾಸ್ಟಿಕ್ಕಿನ ಅಂಗಿ, ಮುಖಕ್ಕೆ ಪಾರದರ್ಶಕ ಗುರಾಣಿ. ಡಾಕ್ಟರು ಎಲ್ಲರಿಗೂ ಹಾಕಿಕೊಳ್ಳುತ್ತಿದ್ದರು, ಆಯಾಗಳು ಅನುಮಾನ ಬಂದ ಕಡೆ ಮಾತ್ರ. ಪಾಪಕ್ಕನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅದನ್ನು ಹಾಕಿಕೊಂಡು ತಬ್ಬಿದರೆ ಬಸುರಿಯರ ತಲೆ ಹೆಗಲಿನಿಂದ ಜಾರುತ್ತಿತ್ತು, ಮುಖ ಕಾಣದೆ ಹೆದರುತ್ತಿದ್ದರು. ಆದರೂ ಹಾಕಿಕೊಳ್ಳುತ್ತಿದ್ದಳು. ಮನೆಯಲ್ಲಿ ಬೀಡಿ ಸೇದಿ ಎದೆ ಕೆಡಿಸಿಕೊಂಡ ಗಂಡನಿದ್ದ. ಅವನಿಗೆ ತಗುಲಿದರೆ ಉಳಿಯುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಆ ಭಯವೊಂದು ಆಕೆಯನ್ನು ಹಗಲೂ ರಾತ್ರಿ ತಿನ್ನುತ್ತಿತ್ತು, ತಂಗಿಗೆ ಫೋನ್ ಮಾಡಿದಾಗಲೆಲ್ಲ ಅದನ್ನೇ ಹೇಳಿಕೊಂಡು ಅಳುತ್ತಿದ್ದಳು.

ಒಂದು ಮಧ್ಯಾಹ್ನ ನವೀನ್‌ಕುಮಾರ್ ಬಾಡಿಗೆ ಕಾರಿನಲ್ಲಿ ಹೆಂಡತಿಯನ್ನು ಕರೆತಂದ. ಜೊತೆಗೆ ಕೆಂಚಮ್ಮ. ಶಿವಲಕ್ಷ್ಮಿ ಸೀಟಿನ ಮೇಲೆ ಸುರುಳಿ ಸುತ್ತಿಕೊಂಡು ಬಿದ್ದಿದ್ದಳು. ದೊಡ್ಡ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಇಟ್ಟು ನೋಡಿ, ಮಗುವಿನ ಎದೆಬಡಿತ ಕುಸಿಯುತ್ತಿದೆ, ಕೂಡಲೇ ತೆಗೆಯಬೇಕೆಂದರು. ಅದೃಷ್ಟಕ್ಕೆ ಮತ್ತಿನ ಡಾಕ್ಟರು ಅಲ್ಲೇ ಇದ್ದರು. ಆಗಲೇ ಕಿಟ್ ತೊಟ್ಟುಕೊಳ್ಳುತ್ತಾ, "ಟೆಸ್ಟ್ ಆಗಿದೆಯೇನಪ್ಪ?" ಎಂದು ಕೇಳಿದರು. ನರ್ಸಿಂಗ್ ಹೋಮಿನಲ್ಲಿ ಪರೀಕ್ಷೆಯ ಕಡ್ಡಿಗಳು ಮುಗಿದು ಎರಡು ದಿನವಾಗಿತ್ತು.

"ಆಗೈತೆ ಸಾರ್, ಪಾವಗಡದಲ್ಲೇ ಮಾಡ್ಸಿದ್ವಿ. ಏನೂ ಇಲ್ಲ" ಎಂದ ನವೀನ್‌ಕುಮಾರ್.

ಡಾಕ್ಟರು ಬೇಗ ಬೇಗ ಹೇಳಿದರು. "ನೋಡಿ, ದಾರಿ ಎರಡಿದೆ. ಬೆನ್ನಿಗೆ ಸೂಜಿ ಹಾಕಿದರೆ ಎಚ್ಚರವಾಗಿರ್ತಾಳೆ, ಉಸಿರು ಅವಳೇ ಆಡ್ತಾಳೆ. ಪೂರ್ತಿ ಮತ್ತು ಕೊಟ್ಟರೆ ಬೇಗ ಆಗುತ್ತೆ, ಆದರೆ ಗಂಟಲಿಗೆ ಪೈಪು ಇಳಿಸಬೇಕು. ಈ ಕಾಲದಲ್ಲಿ ಅದು ಅವಳ ಎದೆಗೂ ಕಷ್ಟ, ರೂಮಿನಲ್ಲಿ ಇರೋರಿಗೂ ಅಪಾಯ. ಬೆನ್ನಿಗೇ ಒಳ್ಳೇದು. ಆದರೆ ಇವಳು ಹೀಗೆ ಒದ್ದಾಡ್ತಿದ್ದರೆ ನಾನು ಹಾಕೋದು ಹೇಗೆ?"

ಕೆಂಚಮ್ಮ ಕೈ ಜೋಡಿಸಿದಳು. "ಬೆನ್ನಿಗೆ ಬ್ಯಾಡ ಸಾಮಿ, ನಡುಮು ಹೋಯ್ತದೆ. ಪೂರಾ ಮಲಗಿಸ್ಬುಡ್ರಿ."

ಶಿವಲಕ್ಷ್ಮಿ ಮಾತ್ರ ಅಕ್ಕನ ಕೈ ಹಿಡಿದುಕೊಂಡಿದ್ದಳು. "ಪೈಪು ಬ್ಯಾಡಕ್ಕ. ಮಲಗ್ಸಿದ್ರೆ ನಾನು ಏಳಲ್ಲ. ನೀನು ಹಿಡ್ಕೋ, ಅಲ್ಲಾಡಲ್ಲ."

ಪಾಪಕ್ಕ ಡಾಕ್ಟರ ಕಡೆ ತಿರುಗಿದಳು. "ಬೆನ್ನಿಗೇ ಹಾಕಿ ಸಾರ್, ನಾನು ಹಿಡೀತೀನಿ" ಎಂದಳು. ಡಾಕ್ಟರು ಗುರಾಣಿಯ ಒಳಗಿನಿಂದಲೇ, "ಕಿಟ್ ಹಾಕ್ಕೊ ಪಾಪಕ್ಕ" ಎಂದರು. ಅವರು ಹೇಳಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಪಾಪಕ್ಕ ಕಿಟ್ಟಿನ ಕಡೆ ಕೈ ಚಾಚಿದ್ದೂ ನಿಜ. ಆದರೆ ತಂಗಿ ಸೆರಗು ಬಿಡಲಿಲ್ಲ, ಒಳಗೆ ಕೂಸಿನ ಎದೆಬಡಿತ ಬೀಳುತ್ತಿತ್ತು, ಅಲ್ಲದೆ ಏನೂ ಇಲ್ಲ ಎಂದು ಮನೆಯ ಅಳಿಯನೇ ಹೇಳಿದ್ದಾನೆ. "ನನ್ನ ತಂಗಿ ಸಾರ್. ಅವಳಿಗ್ಯಾಕೆ ಅದು" ಎಂದು ಬಟ್ಟೆ ಮಾಸ್ಕಿನಲ್ಲೇ ಒಳಗೆ ಹೋದಳು.

ಮೇಜಿನ ಅಂಚಿಗೆ ಕೂರಿಸಿ ತಬ್ಬಿಕೊಂಡಳು. ಅಷ್ಟರಲ್ಲಿ ಬಾಗಿಲಿನಾಚೆಯಿಂದ ಕೆಂಚಮ್ಮ ಮಗನಿಗೆ ತೆಲುಗಿನಲ್ಲಿ ಪಿಸುಗುಟ್ಟಿದ್ದು ಕೇಳಿಸಿತು. "ಪಾಸಿಟಿವ್ ಅನಿ ಚೆಪ್ಪೊದ್ದುರಾ, ಪಂಪಿಂಚೇಸ್ತಾರು." ಪಾಪಕ್ಕನಿಗೆ ಅದರಲ್ಲಿ ಗೊತ್ತಾದದ್ದು ಒಂದೇ ಮಾತು. ಆ ಕಾಲದಲ್ಲಿ ಆ ಮಾತು ಬಿದ್ದರೆ ಹೆಣದ ಕಿವಿಯೂ ನೆಟ್ಟಗಾಗುತ್ತಿತ್ತು.

"ಲೇ ಶಿವಿ, ನಿಮ್ಮತ್ತೆ ಅದೇನೋ ಪಾಸಿಟಿವ್ ಅಂದ್ಲಲ್ಲೇ?"

ಶಿವಲಕ್ಷ್ಮಿ ಅಕ್ಕನ ಕುತ್ತಿಗೆಗೆ ಮುಖ ಒತ್ತಿಕೊಂಡಳು. ಉಸಿರು ಬಿಸಿಯಾಗಿತ್ತು. "ರಕ್ತದ್ದು ಕಣಕ್ಕ. ನಂದು ಪಾಸಿಟಿವ್ ಗುಂಪಲ್ವಾ, ರಕ್ತ ಬೇಕಾದ್ರೆ ಅಂತ ಮಾತಾಡ್ತವ್ರೆ."

ಹೌದಲ್ಲ, ರಕ್ತಕ್ಕೂ ಅದೇ ಮಾತು. ಪಾಪಕ್ಕನಿಗೆ ತನ್ನ ಮೇಲೇ ನಗು ಬಂತು. "ಸರಿ, ದಾರಿ ಯೋಳು" ಎಂದಳು. ಯಾವ ದಾರಿ ಎಂದು ಶಿವಲಕ್ಷ್ಮಿ ಕೇಳಲಿಲ್ಲ. ತವರಿನ ದಾರಿಯನ್ನೇ ಹಿಡಿದಳು. ಕೊರಟಗೆರೆ ಬಸ್ಸು, ಗೇಟಿನ ಹತ್ತಿರ ಇಳಿಯೋದು, ಹುಣಸೇಮರದ ಸಾಲು, ಬಂಡೆ ಮಗ್ಗುಲು. ಮಾತಿನ ನಡುವೆ ಎರಡು ಸಲ ಕೆಮ್ಮಿದಳು. ಕೆಮ್ಮಿದಾಗ ಪಾಪಕ್ಕ ಇನ್ನೂ ಬಿಗಿಯಾಗಿ ಹಿಡಿದುಕೊಂಡಳು, ಅಲ್ಲಾಡಬಾರದಲ್ಲ. ಸೂಜಿ ಹೋಯಿತು. ಸ್ವಲ್ಪ ಹೊತ್ತಿಗೆ ಹೆಣ್ಣು ಕೂಸು ಕಿರುಚಿಕೊಂಡಿತು. ಹುಟ್ಟಿದ ಕೂಸಿನ ಕೆನ್ನೆಯನ್ನು ತಾಯಿಯ ಕೆನ್ನೆಗೆ ತಾಗಿಸುವುದು ಆ ಕೋಣೆಯಲ್ಲಿ ಪಾಪಕ್ಕನ ಹಕ್ಕು. ತಾಗಿಸಿ, "ನೋಡೇ, ನಿನ್ನಂಗೇ ಬಾಯಿ" ಎಂದು ತಾನೇ ಅತ್ತಳು. ಸಂಜೆ ಮನೆಗೆ ಹೋಗಿ ಗಂಡನಿಗೆ ತಾತ ಆದೆಯೆಂದು ಸಕ್ಕರೆ ತಿನ್ನಿಸಿದಳು. ತನ್ನ ಕೈಯಿಂದಲೇ.

ಮರುದಿನ ಬಾಣಂತಿಗೆ ಉಸಿರು ಕಟ್ಟಿತು. ಪರೀಕ್ಷೆಯ ಕಡ್ಡಿಗಳೂ ಅಷ್ಟರಲ್ಲಿ ಬಂದಿದ್ದವು. ಮೂಗಿಗೆ ಹಾಕಿ ನೋಡಿದರೆ ರೋಗ. ಮೋಹನ್ ಕುಮಾರ್ ಎಂದೂ ದನಿ ಎತ್ತಿದವರಲ್ಲ, ಅವತ್ತು ಗೋಡೆ ಬಿರಿಯುವ ಹಾಗೆ ಗದರಿದರು. ಯಾರೂ ಹೆಸರೆತ್ತುವ ಮೊದಲೇ ನವೀನ್‌ಕುಮಾರ್, "ನಾನೇನು ಬೇಕೂಂತ ಮಾಡಿಲ್ಲ ಸಾರ್" ಎಂದು ಶುರು ಮಾಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಪಾವಗಡದಲ್ಲೇ ಪಾಸಿಟಿವ್ ಬಂದಿತ್ತು, ಹೇಳಿದರೆ ತುಮಕೂರಿಗೆ ಅಟ್ಟುತ್ತಾರೆಂದು ಹೆದರಿ ಮುಚ್ಚಿಟ್ಟೆವು ಎಂದು ಬಾಯಿ ಬಿಟ್ಟ.

ಶಿವಲಕ್ಷ್ಮಿಯೂ ಕೂಸೂ ಉಳಿದರು. ಪಾಪಕ್ಕ ಮಲಗಿದಳು. ಆಕೆಯ ಹಿಂದೆಯೇ ದೊಡ್ಡಹನುಮಯ್ಯ ಮಲಗಿದ. ಇಬ್ಬರನ್ನೂ ಬೇರೆ ಬೇರೆ ಕಡೆ ಒಯ್ದರು. ಆಕೆಗೆ ಇಳಿಯಿತು, ಅವನಿಗೆ ಏರಿತು. ಅವನ ಉಸಿರು ನಿಂತಾಗ ಆಕೆಯ ಮೂಗಿನಲ್ಲಿ ಇನ್ನೂ ಆಮ್ಲಜನಕದ ನಳಿಕೆ ಇತ್ತು. ಮುಖ ನೋಡಲಿಲ್ಲ, ಬಾಯಿಗೆ ನೀರು ಬಿಡಲಿಲ್ಲ. ಗುರುತಿಲ್ಲದ ನಾಲ್ಕು ಜನ ಬಿಳಿ ಅಂಗಿ ತೊಟ್ಟು ಅವನನ್ನು ಸುಟ್ಟರು. ನೂರಾರು ಹೆಂಗಸರನ್ನು ತಬ್ಬಿ ಹಿಡಿದವಳಿಗೆ ತನ್ನ ಗಂಡನ ಕೈ ಹಿಡಿಯಲು ಸಿಗಲಿಲ್ಲ.

ಮನೆಗೆ ಬಂದ ಮೇಲೆ ಆಕೆಗೆ ಒಂದೇ ಒಂದು ಮಾತು ಬೇಕಾಗಿತ್ತು. ಫೋನ್ ಮಾಡಿ ನೇರವಾಗಿ ಕೇಳಿದಳು. "ಶಿವಿ, ನಿಂಗೆ ಗೊತ್ತಿತ್ತೇನೇ?"

ಆಚೆ ಕಡೆ ಶಿವಲಕ್ಷ್ಮಿ ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ಕೂಸಿನಾಣೆ ಗೊತ್ತಿರ್ಲಿಲ್ಲ ಕಣಕ್ಕ. ಇವ್ರು ನಂಗೂ ಯೋಳಿರ್ಲಿಲ್ಲ. ಅತ್ತೆ ಪಾಸಿಟಿವ್ ಅಂದಾಗ ರಕ್ತದ್ದೇ ಅಂತ ನಾನೂ ಅನ್ಕಂಡೆ, ನನ್ನ ಗುಂಪು ಪಾಸಿಟಿವ್ ಅಲ್ವಾ. ಭಾವನ್ನ ನಾನು ಕೊಲ್ತೀನಾ ಅಕ್ಕ?"

ಪಾಪಕ್ಕ ನಂಬಿದಳು. ನಂಬದೆ ಹೋದರೆ ಬದುಕಲಿಕ್ಕೆ ಏನು ಉಳಿದಿತ್ತು? ಗಂಡ ಹೋಗಿದ್ದ, ಅಂಗಡಿಯ ಬಾಗಿಲು ಮುಚ್ಚಿತ್ತು. ಎದೆಯ ಮೇಲೆ ಹಾಕಿಕೊಂಡು ಬೆಳೆಸಿದ ಜೀವವೊಂದೇ ಉಳಿದದ್ದು. ಅಲ್ಲಿಂದ ಮುಂದೆ ಆಕೆ ತನ್ನ ಸಿಟ್ಟನ್ನೆಲ್ಲ ಎರಡು ಪಾಲು ಮಾಡಿ ನವೀನ್‌ಕುಮಾರನಿಗೂ ಕೆಂಚಮ್ಮನಿಗೂ ಹಂಚಿದಳು. ತೆಲುಗು ಬಲ್ಲ ನರ್ಸೊಬ್ಬಳ ಹತ್ತಿರ ಆ ಮಾತು ಹೇಳಿ ಅರ್ಥ ಕೇಳಿಕೊಂಡಳು. "ಪಾಸಿಟಿವ್ ಅಂತ ಹೇಳಬೇಡವೋ, ಸಾಗಹಾಕುತ್ತಾರೆ." ನೋವು ತಿನ್ನುತ್ತಿದ್ದ ಹುಡುಗಿಗೆ ಆ ಒಂದು ಮಾತು ಬಿಟ್ಟು ಬೇರೇನು ಕೇಳಿಸಿರುತ್ತದೆ ಎಂದುಕೊಂಡಳು. ಆವತ್ತಿನಿಂದ ಬೀಗಿತ್ತಿಯನ್ನು ಕಂಡರೆ ನೆಲಕ್ಕೆ ಉಗಿದು ಮುಂದೆ ಹೋಗುತ್ತಿದ್ದಳು. ಆ ತಾಯಿ ಮಗ ಕೆಟ್ಟವರು, ತನ್ನ ಹುಡುಗಿ ಅವರ ಕೈಗೆ ಸಿಕ್ಕ ಪಾಪದ್ದು. ಇದು ಆಕೆಯ ಲೆಕ್ಕ. ಶಿವಲಕ್ಷ್ಮಿ ಮಗಳು ಲೋಹಿತಾಳನ್ನು ಕರೆದುಕೊಂಡು ಬಂದರೆ ಒಬ್ಬಟ್ಟು ಮಾಡುತ್ತಿದ್ದಳು. ನವೀನ್‌ಕುಮಾರ್ ಬಂದರೆ ಜಗಲಿಯ ಮೇಲೇ ನೀರು.

ಅವನೂ ಒಂದು ದಿನವೂ ಎದುರಾಡಲಿಲ್ಲ ಎಂಬುದನ್ನು ಪಾಪಕ್ಕ ಗಮನಿಸಬೇಕಿತ್ತು. ಹೆಂಡತಿಯ ಪಾಲನ್ನೂ ತಾನೇ ಹೊತ್ತುಕೊಂಡು ಜಗಲಿಯ ಮೇಲೆ ತಲೆ ತಗ್ಗಿಸಿ ಕೂರುತ್ತಿದ್ದ.

ಕೊರೋನಾ ಹೋಯಿತು. ಜನ ಮಾಸ್ಕು ಬಿಸಾಕಿದರು, ಸಂತೆಗೆ ಮತ್ತೆ ಜನ ತುಂಬಿದರು, ಸೊಂಟ ನೋವಿನ ಬೈಗುಳವೂ ಮೊದಲಿನ ಹಾಗೆ ಶುರುವಾಯಿತು. ಈ ವರ್ಷ ಶಿವಲಕ್ಷ್ಮಿ ಎರಡನೆಯದಕ್ಕೆ ಅಕ್ಕನ ಮನೆಗೆ ಬಂದಳು. ಪಾಪಕ್ಕ ಹಿಗ್ಗಿ ಹೀರೇಕಾಯಾದಳು. ಬಸಳೆ ಹುಳಿ, ಮೆಂತ್ಯದ ಮುದ್ದೆ, ನೆತ್ತಿಗೆ ಎಣ್ಣೆ. ಇಬ್ಬರೂ ಬೆಟ್ಟ ಕಾಣುವ ಹಾಗೆ ಹಿತ್ತಲಲ್ಲಿ ಕೂತು ದೊಡ್ಡಹನುಮಯ್ಯನ ಮಾತಾಡಿಕೊಂಡು ಅಳುವುದು, ಆಮೇಲೆ ಅವನ ಕುಚೋದ್ಯ ನೆನೆಸಿಕೊಂಡು ನಗುವುದು. ಸುಳ್ಳೊಂದು ಆ ಮನೆಯಲ್ಲಿ ಊಟ ಮಾಡಿಕೊಂಡು ಹಾಯಾಗಿತ್ತು.

ಒಂದು ಬೆಳಿಗ್ಗೆ, ಗೊತ್ತು ಮಾಡಿದ ದಿನಕ್ಕೆ ಮುಂಚೆಯೇ ನೀರು ಒಡೆಯಿತು. ಪಾಪಕ್ಕ ಆಟೋದಲ್ಲಿ ಕೂರಿಸಿಕೊಂಡು ನರ್ಸಿಂಗ್ ಹೋಮಿಗೆ ತಂದಳು. ವಳ್ಳೂರಿಗೆ ಫೋನು ಹೋಯಿತು, ಮತ್ತಿನ ಡಾಕ್ಟರು ಸಿರಾದಿಂದ ಹೊರಟಿದ್ದೇನೆಂದರು. ಹೊಸದಾಗಿ ಸೇರಿದ್ದ ನರ್ಸ್ ತೇಜಸ್ವಿನಿ ಬಾಣಂತಿಯಾಗುವವಳ ಕೈಗೆ ಸೂಜಿ ಚುಚ್ಚಿ ನಳಿಕೆ ಕಟ್ಟುತ್ತಾ, "ಬ್ಲಡ್ ಗ್ರೂಪ್ ಯಾವುದಮ್ಮ?" ಎಂದಳು.

"ಎ ನೆಗೆಟಿವ್ ಸಿಸ್ಟರ್" ಎಂದಳು ಶಿವಲಕ್ಷ್ಮಿ.

"ನೆಗೆಟಿವ್ವಾ? ಗೊತ್ತಿದೆ ತಾನೇ ಸರಿಯಾಗಿ? ನಮ್ಮಲ್ಲಿ ಆ ರಕ್ತ ಇರಲ್ಲ, ತುಮಕೂರಿಂದ ತರಿಸಬೇಕಾಗುತ್ತೆ."

"ಗೊತ್ತು ಸಿಸ್ಟರ್, ಇವಳು ಹೊಟ್ಟೇಲಿದ್ದಾಗ್ಲೇ ಯೋಳಿದ್ರು" ಎಂದು ಶಿವಲಕ್ಷ್ಮಿ ಬಾಗಿಲ ಹತ್ತಿರ ನಿಂತಿದ್ದ ಲೋಹಿತಾಳ ಕಡೆ ತೋರಿಸಿದಳು. "ಮೂರನೇ ತಿಂಗಳಲ್ಲೇ. ನೆಗೆಟಿವ್ ಇದೀಯ, ಹೆರಿಗೆ ಆದ್ಮೇಲೆ ಒಂದು ಇಂಜೆಕ್ಷನ್ ಜಾಸ್ತಿ ಅಂತ. ಅದು ನಂಗೆ ಚೆನ್ನಾಗಿ ನೆಪ್ಪೈತೆ."

ಸುಳ್ಳು ಹೇಳುವವರಿಗೆ ನೆನಪು ಗಟ್ಟಿ ಇರಬೇಕು ಎನ್ನುತ್ತಾರೆ. ಶಿವಲಕ್ಷ್ಮಿಗೆ ಇಂಜೆಕ್ಷನ್ನಿನ ನೆನಪಿತ್ತು, ಅಕ್ಕನಿಗೆ ಹೇಳಿದ್ದರ ನೆನಪಿರಲಿಲ್ಲ. ಪಾಪಕ್ಕ ಹಾಸಿಗೆಯ ಪಕ್ಕದಲ್ಲೇ ಹಸಿರು ಬಟ್ಟೆ ಮಡಿಸುತ್ತಾ ನಿಂತಿದ್ದಳು. ಮಡಿಸುವ ಕೈ ನಿಂತಿತು. ರಕ್ತದ್ದು ಕಣಕ್ಕ, ನಂದು ಪಾಸಿಟಿವ್ ಗುಂಪಲ್ವಾ. ಆ ಬಿಸಿ ಉಸಿರು ಕುತ್ತಿಗೆಯ ಮೇಲೆ ಈಗಷ್ಟೇ ಬಿದ್ದ ಹಾಗಾಯಿತು. ಹಾಗಾದರೆ ಗೊತ್ತಿತ್ತು. ಭಾವನ ಎದೆ ಕೆಟ್ಟಿದೆಯೆಂದೂ ಗೊತ್ತಿತ್ತು, ತನಗೆ ರೋಗವಿದೆಯೆಂದೂ ಗೊತ್ತಿತ್ತು. ಗೊತ್ತಿದ್ದೇ ಬಾಚಿ ತಬ್ಬಿಕೊಂಡಳು. ಗೊತ್ತಿದ್ದೇ ಕುತ್ತಿಗೆಗೆ ಕೆಮ್ಮಿದಳು. ಆಮೇಲೆ ಕೂಸಿನ ಮೇಲೆ ಆಣೆ ಇಟ್ಟಳು.

ಆಕೆಗೆ ಮೊದಲು ಬಂದದ್ದು ಅಳುವಲ್ಲ, ನಾಚಿಕೆ. ನಾಲ್ಕು ತಾಲ್ಲೂಕಿನ ಹೆಂಗಸರ ಬಾಯಿ ಬಿ‍ಡಿಸಿದವಳು, ಮನೆಯ ಹುಡುಗಿ ಬಾಯಿಗೆ ಬಂದದ್ದು ಹೇಳಿದರೆ ಕುರಿಯ ಹಾಗೆ ನಂಬಿ ಕೂತಿದ್ದೆನಲ್ಲ ಎಂಬ ನಾಚಿಕೆ. ಆಮೇಲೆ ಸಿಟ್ಟು ಬಂತು. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಡಾಕ್ಟರಿಗೆ ಬೇಡ, ನನ್ನ ಕಿವಿಗೆ. ಐತೆ ಕಣಕ್ಕ, ಯಾರಿಗೂ ಯೋಳ್ಬ್ಯಾಡ, ನೀನು ಮಾತ್ರ ಹುಷಾರು. ಅಷ್ಟು ಅಂದಿದ್ದರೆ ಬಾಯಿ ಹೊಲಿದುಕೊಂಡು ಕಿಟ್ ತೊಟ್ಟು ಬಂದು ಹಿಡಿಯುತ್ತಿದ್ದೆ. ತುಮಕೂರಿಗೆ ಅಟ್ಟುವುದಕ್ಕೆ ನಾನೇ ಬಿಡುತ್ತಿರಲಿಲ್ಲ. ಅವಳು ಹೆದರಿದ್ದು ರೋಗಕ್ಕಲ್ಲ, ನನಗೆ. ನನ್ನನ್ನು ಅಷ್ಟೂ ನಂಬಲಿಲ್ಲ.

ಮೋಹನ್ ಕುಮಾರ್ ಬಂದು ಕೈ ತೊಳೆದರು. "ಪಾಪಕ್ಕ ಇದಾಳಾ?" ಎಂದರು. ಪಾಪಕ್ಕ ಉಗ್ರಾಣಕ್ಕೆ ಹೋಗಿ, ಮೇಲಿನ ಹಲಗೆಯಲ್ಲಿ ಆ ಕಾಲದಿಂದ ಉಳಿದು ಧೂಳು ತಿನ್ನುತ್ತಿದ್ದ ಕಿಟ್ಟಿನ ಪೊಟ್ಟಣ ಎಳೆದಳು. ಕವರು ಹಳದಿಯಾಗಿತ್ತು. ಅಂಗಿ ತೊಟ್ಟಳು, ಟೋಪಿ ಎಳೆದುಕೊಂಡಳು, ಗ್ಲೌಸು ಹಾಕಿದಳು, ಮುಖಕ್ಕೆ ಗುರಾಣಿ ಕಟ್ಟಿದಳು. ತೇಜಸ್ವಿನಿ ಕಿಸಕ್ಕನೆ ನಕ್ಕಳು. "ಇದೇನು ಪಾಪಕ್ಕ ವೇಷ? ಕೊರೋನಾ ಹೋಗಿ ಯಾವ ಕಾಲ ಆಯ್ತು!"

"ನಿಮಗೆ ಹೋಯ್ತು ಸಿಸ್ಟರ್" ಎಂದಳು ಪಾಪಕ್ಕ.

ಡಾಕ್ಟರು ಒಂದು ಸಲ ತಲೆ ಎತ್ತಿ ನೋಡಿದರು, ಮತ್ತೆ ಸೂಜಿಯ ಕಡೆ ತಿರುಗಿದರು. ಅವರಿಗೆ ಅರ್ಥವಾಯಿತೋ ಇಲ್ಲವೋ, ಕೇಳಲಿಲ್ಲ. ಮೇಜಿನ ಅಂಚಿನಲ್ಲಿ ಕೂತಿದ್ದ ಶಿವಲಕ್ಷ್ಮಿಗೆ ಮಾತ್ರ ಆ ಬಿಳಿ ಅಂಗಿ ಹತ್ತಿರ ಬರುತ್ತಾ ಬರುತ್ತಾ ಎಲ್ಲವೂ ನೆನಪಾಯಿತು. ನೆಗೆಟಿವ್ ಎಂದ ತನ್ನ ಬಾಯನ್ನೇ ಕೈಯಿಂದ ಮುಚ್ಚಿಕೊಂಡಳು.

ಪಾಪಕ್ಕ ಎದುರಿಗೆ ನಿಂತು ತಬ್ಬಿದಳು. ಹಿಡಿತದಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ, ಕೆಲಸದ ಮೇಲೆ ಆಕೆ ಸಿಟ್ಟು ತೀರಿಸಿಕೊಳ್ಳುವವಳಲ್ಲ. ತಂಗಿಯ ತಲೆ ಎಡ ಹೆಗಲಿಗೆ ಬಂತು, ಜಾರಿತು, ಮತ್ತೆ ಒರಗಿತು. ಇನ್ನು ಆಕೆ ಕೇಳುತ್ತಾಳೆಂದು ಶಿವಲಕ್ಷ್ಮಿ ಕಾದಳು. ಬೆನ್ನಿಗೆ ತಣ್ಣನೆಯ ಔಷಧಿ ಸವರಿದಾಗ ಶಿವಲಕ್ಷ್ಮಿ ತಡೆಯಲಾರದೆ ಪಿಸುಗುಟ್ಟಿದಳು.

"ದಾರಿ ಕೇಳಲ್ವಾ ಅಕ್ಕ?"

"ನೀ ಯೋಳಿದ್ ದಾರೀಲಿ ಒಂದ್ಸಲ ಹೋಗಿ ಬಂದಿದೀನಿ ಕಣೇ" ಎಂದಳು ಪಾಪಕ್ಕ. "ತಿರ್ಗಿ ಬರೋ ಹೊತ್ತಿಗೆ ಮನೇಲಿ ಯಾರೂ ಇರ್ಲಿಲ್ಲ."

ಶಿವಲಕ್ಷ್ಮಿಯ ಮೈಯೆಲ್ಲ ನಡುಗಿತು. "ಭಯ ಆಗಿತ್ತಕ್ಕ. ನೀನು ದೂರ ಸರಿದ್ಬುಡ್ತೀಯೇನೋ ಅಂತ... ನೀನು ಹಿಡೀದೆ ಇದ್ರೆ ನಾನು ಸತ್ತೋಯ್ತೀನಿ ಅಂತ..."

"ಅಲ್ಲಾಡಬ್ಯಾಡ" ಎಂದಳು ಪಾಪಕ್ಕ.

ಸೂಜಿ ಒಂದೇ ಸಲಕ್ಕೆ ಸರಿಯಾದ ಜಾಗಕ್ಕೆ ಹೋಯಿತು. ಮಲಗಿಸಿದರು, ಪರದೆ ಕಟ್ಟಿದರು. ಗಂಡು ಕೂಸು ಹುಟ್ಟಿ ಕೋಣೆ ತುಂಬ ಅತ್ತಿತು. ತೇಜಸ್ವಿನಿ ಅದನ್ನು ಒರೆಸಿ ವಾಡಿಕೆಯ ಹಾಗೆ ಪಾಪಕ್ಕನ ಕಡೆ ಚಾಚಿದಳು. ಪಾಪಕ್ಕ ಕೈ ನೀಡಲಿಲ್ಲ. "ನೀವೇ ತೋರ್ಸಿ ಸಿಸ್ಟರ್" ಎಂದು ಹಿಂದೆ ಸರಿದಳು. ಪರದೆಯ ಆಚೆಯಿಂದ ಶಿವಲಕ್ಷ್ಮಿ ಅಕ್ಕ, ಅಕ್ಕ ಎಂದು ಕರೆಯುತ್ತಿದ್ದಳು. ಕಾಲು ಜೋಮು ಹಿಡಿದು ಬಿದ್ದಿದ್ದವು, ಎದ್ದು ಬರುವ ಹಾಗಿರಲಿಲ್ಲ.

ಪಾಪಕ್ಕ ಹೊರಗಿನ ಕೋಣೆಗೆ ಬಂದು ಕಿಟ್ ಬಿಚ್ಚಿದಳು. ಎಡ ಹೆಗಲಿನ ಪ್ಲಾಸ್ಟಿಕ್ಕು ತಂಗಿಯ ಕಣ್ಣೀರಿಗೆ ತೊಪ್ಪೆಯಾಗಿತ್ತು. ಒಳಗೆ ಕೈ ಹಾಕಿ ಮುಟ್ಟಿ ನೋಡಿಕೊಂಡಳು. ರವಿಕೆ ಒಣಗಿದ್ದು ಒಣಗಿದ ಹಾಗೇ ಇತ್ತು, ಒಂದು ಹನಿಯೂ ಇಳಿದಿರಲಿಲ್ಲ. ಅವತ್ತೂ ಇಷ್ಟೇ ಸಾಕಾಗಿತ್ತು ಎಂದುಕೊಂಡಳು. ಅಂಗಿಯನ್ನು ಉಂಡೆ ಮಾಡಿ ಕಸದ ಹಳದಿ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಅದರ ಮೇಲೆ ಕೂತು ಅತ್ತಳು.